ಇಪ್ಪತ್ತನಾಲ್ಕು ತಲೆಗಳ ಫೋಟೋ

ಇಷ್ಟಕ್ಕೆಲ್ಲ ಕಾರಣ ಒಂದು ಚಮಚ ಜಾಮು.

ಶಾಲೆಯ ಪರದೇಶ ಪ್ರವಾಸದ ಕೊನೆಯ ದಿನ, ಶನಿವಾರ ಬೆಳಿಗ್ಗೆ ಏಳೂವರೆ. ಹೋಟೆಲಿನ ತಿಂಡಿ ಕೋಣೆಯಲ್ಲಿ ಇಪ್ಪತ್ತನಾಲ್ಕು ಮಕ್ಕಳು ಕೂತು ಬ್ರೆಡ್ಡು ಕಡಿಯುತ್ತಿದ್ದರು. ಡ್ರಾಯಿಂಗ್ ಮೇಷ್ಟ್ರು ಎಂದಿನಂತೆ ಒಂದು ಕುರ್ಚಿ ಹತ್ತಿ ನಿಂತು, ಮೊಬೈಲಿನಲ್ಲಿ ಫೋಟೋ ತೆಗೆದು ಪೋಷಕರ ಗುಂಪಿಗೆ ಕಳಿಸಿದರು. ಸರಿಯಾಗಿ ಆ ಕ್ಷಣಕ್ಕೆ, ಒಂದು ಕಡೆ ನಿಲ್ಲದ ಕಾರಣ ಇಡೀ ಶಾಲೆಯೇ ಪಾದರಸ ಎಂದು ಕರೆಯುತ್ತಿದ್ದ ಹುಡುಗ, ಇನ್ನೊಂದು ಚಮಚ ಜಾಮು ಹಾಕಿಸಿಕೊಳ್ಳಲು ಎದ್ದು ಹೋಗಿದ್ದ. ಹುಡುಗ ಅಂದಮೇಲೆ ಜಾಮಿಗೆ ಏಳದೆ ಪಾಠಕ್ಕೆ ಏಳುತ್ತಾನೆಯೇ? ಆದರೆ ಫೋಟೋ ಅದನ್ನೆಲ್ಲ ಕೇಳುವುದಿಲ್ಲ.

ಮೇಷ್ಟ್ರು ಕುರ್ಚಿಯಿಂದ ಇಳಿದು ತಮ್ಮ ಬ್ರೆಡ್ಡಿಗೆ ಬೆಣ್ಣೆ ಸವರುವಷ್ಟರಲ್ಲಿ ಮೊಬೈಲು ಗುಂಯ್ ಎಂದಿತು.

"ಇಪ್ಪತ್ಮೂರು," ಎಂದು ಬರೆದಿದ್ದರು ಪಾದರಸನ ತಾತ. ಅಷ್ಟೇ. ಒಂದು ನಮಸ್ಕಾರವಿಲ್ಲ, ಒಂದು ಶುಭೋದಯವಿಲ್ಲ.

ಈ ತಾತನ ವಿಷಯ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಅವರು ನಿವೃತ್ತ ಪೊಲೀಸ್ ಇನ್ಸ್‌ಪೆಕ್ಟರು. ಕೆಲಸದಿಂದ ನಿವೃತ್ತರಾಗಿ ಹನ್ನೆರಡು ವರ್ಷವಾಗಿದ್ದರೂ ಅನುಮಾನದಿಂದ ಇನ್ನೂ ನಿವೃತ್ತರಾಗಿರಲಿಲ್ಲ. ಈಗ ಶಾಲೆಯ ಕಮಿಟಿಯಲ್ಲಿ ಹಿರಿಯ ಸದಸ್ಯರು. ಮಕ್ಕಳು ಪ್ರವಾಸಕ್ಕೆ ಮೊಬೈಲು ತರಬಾರದು ಎಂಬ ನಿಯಮ ಮಾಡಿದ್ದೂ ಅವರೇ. ಹಾಗಾಗಿ ಆ ಐದು ದಿನ ಇಪ್ಪತ್ತನಾಲ್ಕು ಮನೆಗಳ ಅಪ್ಪ, ಅಮ್ಮ, ಅಜ್ಜಿ, ತಾತ, ಚಿಕ್ಕಮ್ಮಂದಿರೆಲ್ಲ ಮೇಷ್ಟ್ರ ಒಂದೇ ಒಂದು ಮೊಬೈಲಿಗೆ ಜೋತುಬಿದ್ದಿದ್ದರು. ತಾತ ಪ್ರತಿ ಫೋಟೋವನ್ನೂ ದೊಡ್ಡದು ಮಾಡಿ, ಬೆರಳಿಟ್ಟು ತಲೆ ಎಣಿಸುತ್ತಿದ್ದರು.

"ನಿಮ್ಮ ಮೊಮ್ಮಗ ಜಾಮು ತರೋಕೆ ಹೋಗಿದ್ದಾನೆ ಸಾರ್, ಇಲ್ಲೇ ಇದ್ದಾನೆ," ಎಂದು ಬರೆದರು ಮೇಷ್ಟ್ರು.

"ಪುರಾವೆ?" ಎಂದು ಬಂತು ಉತ್ತರ.

ಮೇಷ್ಟ್ರು ಬೆಣ್ಣೆಯ ಚಾಕು ಕೆಳಗಿಟ್ಟರು. ಯಾಕೆಂದರೆ ಹೊರಡುವ ದಿನ ಹೆಡ್‌ಮಿಸ್ಟ್ರೆಸ್ಸು, ಅಂದರೆ ಎಲ್ಲರ ಬಾಯಲ್ಲಿ ದೊಡ್ಡ ಮೇಡಮ್ಮು, ಅವರನ್ನು ಪಕ್ಕಕ್ಕೆ ಕರೆದು ಹೇಳಿದ್ದರು: "ನೋಡಿ ಮೇಷ್ಟ್ರೇ, ಒಂದೇ ಒಂದು ದೂರು ಬರಬಾರದು. ಬರಲಿಲ್ಲ ಅಂದ್ರೆ, ಸೋಮವಾರದ ಕಮಿಟಿ ಮೀಟಿಂಗಲ್ಲಿ ನಿಮ್ಮ ಖಾಯಂ ಆರ್ಡರು ನಿಮ್ಮ ಕೈಗೆ. ಬಂತು ಅಂದ್ರೆ, ನಿಮ್ಮ ಕೆಲಸಕ್ಕೆ ಇನ್ನೂ ಇಬ್ಬರು ಅರ್ಜಿ ಹಾಕ್ಕೊಂಡು ಕೂತಿದ್ದಾರೆ."

ಮೇಷ್ಟ್ರು ಆರು ವರ್ಷದಿಂದ ತಾತ್ಕಾಲಿಕ. ಖಾಯಂ ಆದವರಿಗೆ ಮಾತ್ರ ಶಾಲೆಯ ಹಿಂದಿನ ಕ್ವಾರ್ಟರ್ಸು ಸಿಗುತ್ತದೆ. ಎರಡು ಕೋಣೆ, ಒಂದು ಅಡುಗೆಮನೆ, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಬಾಗಿಲು. ಆ ಚಿಲಕವನ್ನು ನೆನೆದರೆ ಮೇಷ್ಟ್ರ ಕಣ್ಣು ತುಂಬಿ ಬರುತ್ತಿತ್ತು. ಆರು ವರ್ಷದಿಂದ ಅವರೂ ಅವರ ಹೆಂಡತಿಯೂ ಮಾವನ ಮನೆಯ ನಡುಮನೆಯಲ್ಲಿ, ಟೀವಿಗೂ ಹೊಲಿಗೆ ಯಂತ್ರಕ್ಕೂ ನಡುವೆ ಹಾಸಿಗೆ ಹಾಸಿಕೊಂಡು ಮಲಗುತ್ತಿದ್ದರು. ದಿನಾ ಸಂಜೆ ಮಾವ, ಜ್ವರ ಬಿಟ್ಟಿತಾ ಎಂದು ಕೇಳುವ ದನಿಯಲ್ಲಿ, "ಏನ್ ಅಳಿಯಂದ್ರೇ, ಇವತ್ತಾದ್ರೂ ಖಾಯಂ ಆದ್ರಾ?" ಎಂದು ಕೇಳುತ್ತಿದ್ದರು. ಆರು ವರ್ಷ. ಒಂದು ದಿನವೂ ತಪ್ಪದೆ. ಈ ಸಲ ಹೊರಡುವಾಗ ಹೆಂಡತಿಯೂ ಕಡ್ಡಿ ಮುರಿದಂತೆ ಹೇಳಿದ್ದಳು: "ರೀ, ಈ ಸಲ ಆರ್ಡರು ಸಿಗಲಿಲ್ಲ ಅಂದ್ರೆ ಅಪ್ಪಂಗೆ ನೀವೇ ಉತ್ತರ ಕೊಡಿ. ನನ್ನ ಕೈಲಿ ಆಗಲ್ಲ."

ಆದ್ದರಿಂದ ಮೇಷ್ಟ್ರು ಬೆಣ್ಣೆ ಸವರಿದ ಬ್ರೆಡ್ಡನ್ನು ಹಾಗೇ ಬಿಟ್ಟು ಮತ್ತೆ ಕುರ್ಚಿ ಹತ್ತಿದರು.

"ಮಕ್ಕಳೇ, ಎಲ್ಲಾ ಇಲ್ಲಿ ನೋಡಿ! ಪಾದರಸ, ಬಾರೋ ಮಾರಾಯ, ಇಲ್ಲಿ ಮುಂದೆ ನಿಂತ್ಕೋ. ಜಾಮು ಕೆಳಗಿಡು. ಮುಖದ ಮೇಲೂ ಇದೆ, ಒರೆಸ್ಕೋ!"

ತೆಗೆದರು, ಕಳಿಸಿದರು. ನಿಟ್ಟುಸಿರು ಬಿಟ್ಟು ಕೂರಲಿಲ್ಲ, ಮತ್ತೆ ಗುಂಯ್. ಈ ಸಲ ಎರಡು ಜಡೆಯ ಹುಡುಗಿಯ ತಾಯಿಯ ದನಿ. ಬರೆದದ್ದಲ್ಲ, ಮಾತಾಡಿ ಕಳಿಸಿದ್ದು, ಅರ್ಧ ಅಳು ಬೆರೆಸಿ. "ಮೇಷ್ಟ್ರೇ, ನನ್ನ ಮಗಳು ಎಲ್ಲಿ? ಮೊದಲನೇ ಫೋಟೋದಲ್ಲಿ ಇದ್ಲು, ಎರಡನೇದ್ರಲ್ಲಿ ಇಲ್ಲ. ಅಷ್ಟರಲ್ಲಿ ಏನಾಯ್ತು? ನಿಜ ಹೇಳಿ, ನಾನು ಗಟ್ಟಿ ಮನಸ್ಸು ಮಾಡ್ಕೊಂಡಿದ್ದೀನಿ."

ಮಗಳು ಪಾದರಸನ ಬೆನ್ನ ಹಿಂದೆಯೇ ಇದ್ದಳು. ಫೋಟೋದಲ್ಲಿ ಅವನ ಕಿವಿಯ ಪಕ್ಕ ಒಂದು ಜಡೆಯ ತುದಿ ಕಾಣುತ್ತಿತ್ತು. ಮೇಷ್ಟ್ರು ಆ ಜಡೆಯ ಸುತ್ತ ಕೆಂಪು ಗೆರೆ ಎಳೆದು ಕಳಿಸಿದರು. ತಾಯಿ ಸುಮ್ಮನಾದರು, ತಾತ ಆಗಲಿಲ್ಲ. "ಬರೀ ಜಡೆ ತೋರಿಸಿದರೆ ಹಾಜರಿ ಆಗೋದಿಲ್ಲ. ಇಪ್ಪತ್ತನಾಲ್ಕು ಮುಖ ಒಂದೇ ಫೋಟೋದಲ್ಲಿ ಬರಲಿ. ಕಮಿಟಿಯ ಪರವಾಗಿ ಕೇಳ್ತಿದ್ದೀನಿ," ಎಂದು ಬರೆದರು. ಕೆಳಗೆ ಹನ್ನೊಂದು ಮಂದಿ ಹೆಬ್ಬೆರಳು ಎತ್ತಿದರು.

ಪ್ರವಾಸಕ್ಕೆ ಇನ್ನೊಬ್ಬರೂ ಬಂದಿದ್ದರು, ವಿಜ್ಞಾನದ ಟೀಚರು. ಮೇಷ್ಟ್ರು ಅವರ ಬಳಿ ಹೋಗಿ ಗೋಳು ತೋಡಿಕೊಂಡರು. ಟೀಚರು ಕಾಫಿ ಕುಡಿಯುತ್ತಾ, "ನಾನು ಆ ಗುಂಪಿನ ಸದ್ದೇ ಬಂದ್ ಮಾಡಿಟ್ಟಿದ್ದೀನಿ ಮೇಷ್ಟ್ರೇ. ನನಗೆ ಬೀಪಿ ಇದೆ. ನೀವೂ ಹಾಗೇ ಮಾಡಿ," ಎಂದರು. ಅವರು ಖಾಯಂ ಆಗಿ ಹತ್ತೊಂಬತ್ತು ವರ್ಷವಾಗಿತ್ತು. ಬಸ್ಸು ಹತ್ತಿದರೆ ವಾಕರಿಕೆಯ ಮಾತ್ರೆ ನುಂಗಿ ನಿದ್ದೆ ಹೋಗುವುದು, ಇಳಿದರೆ ನೆರಳು ಹುಡುಕುವುದು, ಐದೂ ದಿನ ಇದೇ. ಖಾಯಂ ಆದವರ ನಿದ್ದೆಯೇ ಬೇರೆ ಎಂದು ಮೇಷ್ಟ್ರು ಹೊಟ್ಟೆ ಉರಿದುಕೊಂಡರು.

ಒಂಬತ್ತು ಗಂಟೆಗೆ ಹೋಟೆಲು ಖಾಲಿ ಮಾಡಿ ಬಸ್ಸಿನ ಮುಂದೆ ಮಕ್ಕಳನ್ನು ಸಾಲು ನಿಲ್ಲಿಸಿದರು. ಇಪ್ಪತ್ತನಾಲ್ಕು ತಲೆ, ಸರಿ. ಆದರೆ ಫೋಟೋದಲ್ಲಿ ಇಪ್ಪತ್ತೆರಡು. ಒಬ್ಬ ಬೂಟಿನ ದಾರ ಕಟ್ಟಲು ಬಗ್ಗಿದ್ದ, ಇನ್ನೊಬ್ಬಳು ಸೀನುತ್ತಾ ಮುಖ ಮುಚ್ಚಿಕೊಂಡಿದ್ದಳು. ಇನ್ನೊಂದು ತೆಗೆದರು. ಬೂಟಿನವನು ಎದ್ದ, ಪಾದರಸ ಬೆಕ್ಕು ಕಂಡು ಓಡಿದ. ಬೆಕ್ಕಿನ ಹಿಂದಿನಿಂದ ಅವನನ್ನು ಹಿಡಿದು ತಂದು ಮತ್ತೊಂದು ತೆಗೆಯುವಷ್ಟರಲ್ಲಿ ಹೊತ್ತಾಯಿತೆಂದು ಬಸ್ಸಿನ ಡ್ರೈವರು ಹಾರ್ನು ಒತ್ತಿದ. ಇಪ್ಪತ್ತನಾಲ್ಕು ಮಕ್ಕಳೂ ಒಟ್ಟಿಗೆ ಬಸ್ಸಿನ ಕಡೆ ತಿರುಗಿದರು. ಫೋಟೋದಲ್ಲಿ ಬಂದದ್ದು ಇಪ್ಪತ್ತನಾಲ್ಕು ಬುರುಡೆಯ ಹಿಂಭಾಗ.

"ಯಾವ ತಲೆ ಯಾರದ್ದು ಅಂತ ಹೇಗೆ ಗೊತ್ತಾಗಬೇಕು?" ಎಂದರು ತಾತ.

"ನನ್ನ ಮಗನ ತಲೆ ನನಗೆ ಗೊತ್ತಾಯ್ತು, ಸುಳಿ ಎರಡಿದೆ," ಎಂದು ಒಬ್ಬ ತಂದೆ ಬರೆದ. ಉಳಿದವರು ಅವನ ಮೇಲೆ ಬಿದ್ದರು. ನಿಮಗೇನು ಸ್ವಾಮಿ, ನಿಮ್ಮ ಮಗನಿಗೆ ಎರಡು ಸುಳಿ, ಸುಳಿ ಒಂದೇ ಇರುವವರು ಏನು ಮಾಡಬೇಕು ಎಂದು ಚರ್ಚೆ ಶುರುವಾಗಿ, ಬಸ್ಸು ಮ್ಯೂಸಿಯಂ ತಲುಪುವವರೆಗೂ ಮೊಬೈಲು ಮೇಷ್ಟ್ರ ಜೇಬಿನಲ್ಲಿ ಜೇನುಗೂಡಿನ ಹಾಗೆ ಗುಂಯ್‌ಗುಡುತ್ತಲೇ ಇತ್ತು.

ಮ್ಯೂಸಿಯಂ ಒಳಗೆ ಫೋಟೋ ತೆಗೆಯುವ ಹಾಗಿರಲಿಲ್ಲ. ಬಾಗಿಲಲ್ಲಿ ದಪ್ಪ ಮೀಸೆಯ ಕಾವಲುಗಾರ, ಮೊಬೈಲಿನ ಮೇಲೆ ಗೀಟು ಹಾಕಿದ್ದ ಚಿತ್ರ ತೋರಿಸಿ ಬೆರಳಾಡಿಸಿದ. ಒಳಗೆ ಎರಡು ಗಂಟೆ. ಇಷ್ಟು ಹೊತ್ತು ಸುದ್ದಿಯಿಲ್ಲದಿದ್ದರೆ ಪೋಷಕರು ಏನಾಗಬಹುದೆಂದು ಮೇಷ್ಟ್ರು ಬಾಗಿಲಲ್ಲೇ ನಿಂತು ಲೆಕ್ಕ ಹಾಕಿದರು. ಆಗ ಅವರಿಗೆ ಒಂದು ಉಪಾಯ ಹೊಳೆಯಿತು. ಉಪಾಯ ಅಂದರೆ ಅವರಿಗೆ ಬರುತ್ತಿದ್ದದ್ದು ಒಂದೇ. ಮಕ್ಕಳನ್ನು ಒಂದು ಹಳೆಯ ಫಿರಂಗಿಯ ಮುಂದೆ ಕೂರಿಸಿ, ನೋಟ್‌ಬುಕ್ ತೆಗೆದು, ಮುಕ್ಕಾಲು ಗಂಟೆ ಬೆವರು ಸುರಿಸಿ ಇಪ್ಪತ್ತನಾಲ್ಕು ಮುಖಗಳನ್ನೂ ಪೆನ್ಸಿಲಿನಲ್ಲಿ ಬಿಡಿಸಿದರು. ಆರು ವರ್ಷದಲ್ಲಿ ಅವರು ಮಾಡಿದ ಅತ್ಯುತ್ತಮ ಕೆಲಸ ಅದು. ಎರಡು ಜಡೆಯವಳ ಕೆನ್ನೆಯ ಗುಳಿ, ಪಾದರಸನ ಒಂದು ಕ್ಷಣವೂ ನಿಲ್ಲದ ಕಣ್ಣು, ಎಲ್ಲ ಬಂದಿತ್ತು. ಕಾವಲುಗಾರನೂ ಬಗ್ಗಿ ನೋಡಿ, ಮೆಚ್ಚಿ ಮೀಸೆ ನೀವಿಕೊಂಡ. ಮೇಷ್ಟ್ರು ಹೊರಗೆ ಬಂದ ಮೇಲೆ ಚಿತ್ರದ ಫೋಟೋ ತೆಗೆದು, ಸಣ್ಣ ಹೆಮ್ಮೆಯಿಂದ ಗುಂಪಿಗೆ ಹಾಕಿದರು.

"ಇದೇನಿದು?" ಎಂದು ಮೊದಲನೆಯ ಉತ್ತರ.

"ಮಕ್ಕಳ ಫೋಟೋ ಕೇಳಿದ್ರೆ ಚಿತ್ರ ಬರೆದು ಕಳಿಸ್ತಾರಲ್ಲ, ಮಕ್ಕಳು ಅಲ್ಲಿಲ್ಲ ಅಂತ ತಾನೇ ಅರ್ಥ?" ಎಂದು ಎರಡನೆಯದು.

"ನನ್ನ ಮಗಳ ಒಂದು ಜಡೆ ಇನ್ನೊಂದಕ್ಕಿಂತ ಗಿಡ್ಡ ಆಗಿದೆ. ಯಾರು ಕತ್ತರಿಸಿದ್ದು?" ಎಂದು ಎರಡು ಜಡೆಯವಳ ತಾಯಿ.

ತಾತ ಬಹಳ ಹೊತ್ತು ಪರಿಶೀಲನೆ ಮಾಡಿರಬೇಕು. ಹತ್ತು ನಿಮಿಷ ಬಿಟ್ಟು ಬಂತು: "ಇದು ನನ್ನ ಮೊಮ್ಮಗನ ಮೂಗಲ್ಲ. ನಮ್ಮ ವಂಶದಲ್ಲಿ ಈ ಮೂಗು ಇಲ್ಲ."

ಕಲಾವಿದನ ಎದೆ ಒಡೆಯಲು ಇದಕ್ಕಿಂತ ಹೆಚ್ಚೇನು ಬೇಕು? ಮೇಷ್ಟ್ರು ನೋಟ್‌ಬುಕ್ಕನ್ನು ಚೀಲದಲ್ಲಿ ತುರುಕಿ, ಹಲ್ಲು ಕಚ್ಚಿ, ಇವತ್ತು ಒಂದೇ ಒಂದು ಸರಿಯಾದ ಫೋಟೋ ಕಳಿಸದೆ ವಿಮಾನ ಹತ್ತುವುದಿಲ್ಲ ಎಂದು ಶಪಥ ಮಾಡಿದರು. ಕೋಪದಲ್ಲಿ ಏನೇನೋ ಆಡಿಬಿಡುತ್ತೇವೆ.

ಮಧ್ಯಾಹ್ನ ಒಂದು ಗಂಟೆಗೆ ಊರಿನ ದೊಡ್ಡ ಚೌಕ. ನಡುವೆ ಕಾರಂಜಿ, ಸುತ್ತ ಪಾರಿವಾಳ, ಬೇಕಾದಷ್ಟು ಬೆಳಕು. ಎಲ್ಲರೂ ಹಿಡಿಸಬೇಕಾದರೆ ಎತ್ತರದಿಂದ ತೆಗೆಯಬೇಕು. ಮೇಷ್ಟ್ರು ಕಾರಂಜಿಯ ಕಟ್ಟೆ ಹತ್ತಿದರು.

"ಯಾರೂ ಅಲ್ಲಾಡಬೇಡಿ! ಕಣ್ಣು ಮಿಟುಕಿಸಬೇಡಿ! ಉಸಿರು ಬಿಟ್ರೆ ಸಾಯಿಸಿಬಿಡ್ತೀನಿ!"

"ಸಾರ್, ಉಸಿರು ಬಿಡದಿದ್ರೂ ಸಾಯ್ತೀವಿ," ಎಂದ ಪಾದರಸ.

"ಬಾಯಿ ಮುಚ್ಚೋ! ಇನ್ನೂ ಸ್ವಲ್ಪ ಹತ್ತಿರ ಬನ್ನಿ. ಆ ಕಡೆಯ ಇಬ್ಬರು ಬಿಟ್ಟುಹೋಗ್ತಾರೆ. ನಾನೇ ಒಂದು ಹೆಜ್ಜೆ ಹಿಂದೆ ಹೋಗ್ತೀನಿ, ತಾಳಿ..."

ಹಿಂದೆ ಹೆಜ್ಜೆ ಇಡಲು ಕಟ್ಟೆ ಇರಲಿಲ್ಲ. ನೀರಿತ್ತು. ದಬಾರ್ ಎಂದು ಬಿದ್ದರು. ಬೀಳುವಾಗಲೂ ಮೊಬೈಲು ಹಿಡಿದ ಕೈಯನ್ನು ಮಾತ್ರ ಮೇಲೆತ್ತಿಯೇ ಇದ್ದರು. ಗಾಬರಿಯಲ್ಲಿ ಬೆರಳು ಎಲ್ಲೆಲ್ಲೋ ಒತ್ತಿ, ಒಂದು ಫೋಟೋ ತಾನಾಗಿಯೇ ತೆಗೆದುಕೊಂಡು, ತಾನಾಗಿಯೇ ಗುಂಪಿಗೆ ಹೋಯಿತು. ಬರೀ ನೀಲಿ ಆಕಾಶ, ಒಂದು ಮೂಲೆಯಲ್ಲಿ ಒಂದು ಪಾರಿವಾಳ.

ಗುಂಯ್. "ಮಕ್ಕಳೆಲ್ಲ ಎಲ್ಲಿ ಹೋದ್ರು ಮೇಷ್ಟ್ರೇ? ಮೇಲಕ್ಕೆ ಹೋದ್ರಾ?"

"ಥೂ, ಅಪಶಕುನ ಮಾತಾಡಬೇಡ್ರೀ!"

"ನಾನು ಪೂಜೆ ಮನೇಲಿ ಕೂತಿದ್ದೀನಿ. ಮಗಳ ಮುಖ ನೋಡೋ ತನಕ ನೀರೂ ಮುಟ್ಟಲ್ಲ." ಇದು ಎರಡು ಜಡೆಯವಳ ತಾಯಿ.

ಮೇಷ್ಟ್ರು ತಲೆಯಿಂದ ಕಾಲಿನವರೆಗೆ ನೀರಿಳಿಸುತ್ತಾ ಎದ್ದುನಿಂತಾಗ ಮಕ್ಕಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅಷ್ಟರಲ್ಲಿ ಶಿಳ್ಳೆಯ ಸದ್ದು. ಪೊಲೀಸಿನವನೊಬ್ಬ ಓಡಿ ಬಂದ. ಮಕ್ಕಳನ್ನು ಗುಂಪು ಕಟ್ಟಿಸಿ ಕೂಗಾಡುತ್ತಿದ್ದವನು ಈಗ ಕಾರಂಜಿಗೂ ಹಾರಿದ್ದಾನೆಂದು ಯಾರೋ ಹೇಳಿರಬೇಕು. ಮೇಷ್ಟ್ರಿಗೆ ಅವನ ಭಾಷೆ ಬರದು, ಅವನಿಗೆ ಇವರದ್ದು ಬರದು. ಮೇಷ್ಟ್ರು ಕಟ್ಟೆಯ ಕೆಳಗಿಟ್ಟಿದ್ದ ಚೀಲದಿಂದ ನೋಟ್‌ಬುಕ್ಕು ತೆಗೆದು ಒಂದು ಕ್ಯಾಮೆರಾ, ಇಪ್ಪತ್ತನಾಲ್ಕು ಸೊನ್ನೆ, ಪಕ್ಕದಲ್ಲಿ ಕನ್ನಡಕ ಹಾಕಿದ ಸಿಟ್ಟಿನ ಮುದುಕನ ಮುಖ ಬಿಡಿಸಿ ತೋರಿಸಿದರು. ಪೊಲೀಸಿನವನು ಮುದುಕನ ಮುಖವನ್ನು ಬಹಳ ಹೊತ್ತು ನೋಡಿದ. ಅವನ ಮೇಲೂ ಅಂಥ ಒಬ್ಬ ಅಧಿಕಾರಿ ಇದ್ದನೋ ಏನೋ, ತಕ್ಷಣ ಅರ್ಥವಾಗಿಬಿಟ್ಟಿತು.

ಅವನು ಮಕ್ಕಳ ಕಡೆ ತಿರುಗಿ ಒಂದು ಶಿಳ್ಳೆ ಹಾಕಿದ ನೋಡಿ! ಇಪ್ಪತ್ತನಾಲ್ಕು ಮಕ್ಕಳು ಗೆರೆ ಎಳೆದಂತೆ ಮೂರು ಸಾಲು ನಿಂತರು. ಪಾದರಸ ಕೂಡ ಕಲ್ಲಿನ ಗೊಂಬೆಯಾದ. ಒಂದು ಕಣ್ಣು ಮಿಟುಕಲಿಲ್ಲ, ಒಂದು ಸೀನು ಬರಲಿಲ್ಲ. ಮೇಷ್ಟ್ರು ಫೋಟೋ ತೆಗೆದು, ಎಣಿಸಿದರು. ಇಪ್ಪತ್ತನಾಲ್ಕು ಮುಖ! ಸಂತೋಷ ತಾಳಲಾರದೆ ಹಾಗೇ ಕಳಿಸಿದರು. ಕಳಿಸಿದ ಮೇಲೆ ಕಂಡಿತು, ಸಾಲಿನ ನಡುವೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಪೊಲೀಸಿನವನೂ ನಿಂತಿದ್ದ.

ಗುಂಪು ಸಿಡಿಯಿತು.

"ಅಯ್ಯೋ, ಅರೆಸ್ಟು ಮಾಡಿದ್ರಾ?"

"ಎಲ್ಲರನ್ನೂ ಮಾಡಿದ್ರಾ ಅಥವಾ ಕೆಲವರನ್ನಾ?"

"ಮಕ್ಕಳ ಮುಖ ನೋಡಿ, ಎಷ್ಟು ಹೆದರಿದ್ದಾವೆ, ಪಾಪ!"

"ಆ ಪೊಲೀಸಿನವನ ಬೆಲ್ಟು ಸರಿಯಾಗಿಲ್ಲ," ಎಂದರು ತಾತ.

ಮರುಕ್ಷಣವೇ ದೊಡ್ಡ ಮೇಡಮ್ಮಿನ ಕರೆ. ಮೇಷ್ಟ್ರು ಒದ್ದೆ ಪ್ಯಾಂಟಿನಲ್ಲಿ ಅಟೆನ್ಷನ್ ನಿಂತು ಮಾತಾಡಿದರು. "ಅರೆಸ್ಟಲ್ಲ ಮೇಡಮ್... ಸಹಾಯ ಮಾಡೋಕೆ ಬಂದಿದ್ರು... ಇಲ್ಲ ಮೇಡಮ್, ಮಕ್ಕಳೇನೂ ಕದ್ದಿಲ್ಲ... ನಾನಾ? ನಾನ್ಯಾಕೆ ಕದೀಲಿ ಮೇಡಮ್?"

"ಸಾಕು," ಎಂದರು ಮೇಡಮ್ಮು. "ನಾನು ಇಲ್ಲಿ ಮೂವತ್ತು ಜನಕ್ಕೆ ಸಮಾಧಾನ ಹೇಳ್ತಿದ್ದೀನಿ. ಇನ್ನೂ ಯಾರೂ ಬರವಣಿಗೇಲಿ ದೂರು ಕೊಟ್ಟಿಲ್ಲ, ಅದು ನಿಮ್ಮ ಪುಣ್ಯ. ವಿಮಾನ ಹತ್ತೋಕೆ ಮುಂಚೆ ಒಂದು ಫೋಟೋ ಬರಬೇಕು. ಇಪ್ಪತ್ತನಾಲ್ಕು ಮಕ್ಕಳು ಇರಬೇಕು, ನಗ್ತಾ ಇರಬೇಕು, ಪೊಲೀಸ್ ಇರಬಾರದು. ತಾತನಿಗೆ ತೃಪ್ತಿ ಆಗಬೇಕು. ಆಯ್ತಾ?"

"ಆಯ್ತು ಮೇಡಮ್."

ಮೂರು ಗಂಟೆಗೆ ವಿಮಾನ ನಿಲ್ದಾಣ. ಐದಕ್ಕೆ ವಿಮಾನ. ಪೆಟ್ಟಿಗೆ ಒಪ್ಪಿಸಿ, ತಪಾಸಣೆ ಮುಗಿಸಿ, ತಮ್ಮ ವಿಮಾನದ ಬಾಗಿಲಿನ ಮುಂದೆ ಬಂದು ಕೂರುವಷ್ಟರಲ್ಲಿ ನಾಲ್ಕು. ತಪಾಸಣೆಯವರು ಮೇಷ್ಟ್ರ ಒದ್ದೆ ಬಟ್ಟೆಯನ್ನು ಅನುಮಾನಿಸಿ ಎರಡು ಸಲ ತಡವಿ ನೋಡಿದ್ದರು. ಆದರೆ ಮೇಷ್ಟ್ರಿಗೆ ಅದರ ಪರಿವೆಯೇ ಇರಲಿಲ್ಲ. ಅವರ ತಲೆಯಲ್ಲಿ ಈಗ ಕುರ್ಚಿಗಳ ಲೆಕ್ಕ ಓಡುತ್ತಿತ್ತು. ಎಂಟೆಂಟು ಮಕ್ಕಳ ಮೂರು ಸಾಲು. ಮೊದಲ ಸಾಲು ನೆಲದ ಮೇಲೆ, ಎರಡನೆಯದು ಕುರ್ಚಿಯ ಮೇಲೆ, ಮೂರನೆಯದು ಕುರ್ಚಿಯ ಹಿಂದೆ. ಪಾದರಸನ ಎಡಗೈಯನ್ನು ಎರಡು ಜಡೆಯವಳ ಕೈಗೆ ಕೊಟ್ಟು, "ಇವನನ್ನ ಬಿಟ್ಟೆ ಅಂದ್ರೆ ಡ್ರಾಯಿಂಗಲ್ಲಿ ಸೊನ್ನೆ," ಎಂದರು. ಅವಳು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಈಗ ಎಲ್ಲರೂ, ನಾನು ಕಾರಂಜಿಗೆ ಬಿದ್ದದ್ದನ್ನ ನೆನಪು ಮಾಡ್ಕೊಳ್ಳಿ!"

ಇಪ್ಪತ್ತನಾಲ್ಕು ಬಾಯಿ ಒಟ್ಟಿಗೆ ಅರಳಿದವು. ಕ್ಲಿಕ್.

ಮೇಷ್ಟ್ರು ಎಣಿಸಿದರು. ಇನ್ನೊಮ್ಮೆ ಎಣಿಸಿದರು. ಹಿಂದಿನಿಂದ ಮುಂದಕ್ಕೆ ಎಣಿಸಿದರು. ಇಪ್ಪತ್ತನಾಲ್ಕು! ಯಾರ ಕಣ್ಣೂ ಮುಚ್ಚಿಲ್ಲ, ಯಾರ ಮುಂದೆಯೂ ಯಾರೂ ಬಂದಿಲ್ಲ, ಪೊಲೀಸಿನ ಸುಳಿವೇ ಇಲ್ಲ. ಅವರಿಗೆ ಅಲ್ಲೇ ಕುಣಿಯಬೇಕೆನಿಸಿತು. ಆದರೆ ಫೋಟೋ ಹೋಗಲಿಲ್ಲ. ಸಿಗ್ನಲ್ಲಿಲ್ಲ. ಆ ಕಡೆ ಈ ಕಡೆ ಮೊಬೈಲು ಎತ್ತಿ ಅಲೆದಾಡಿ, ಕೊನೆಗೆ ಬಾಗಿಲಿನಿಂದ ಸ್ವಲ್ಪ ದೂರದಲ್ಲಿದ್ದ ಒಂದು ದಪ್ಪ ಕಂಬದ ಹಿಂದೆ ನಿಂತಾಗ ಸಿಗ್ನಲ್ಲು ಸಿಕ್ಕಿತು. ಫೋಟೋ ಹೊರಟಿತು.

ಮೊದಲು ಎರಡು ಜಡೆಯವಳ ತಾಯಿ: "ಕಂಡಳು! ನೀರು ಕುಡಿದೆ." ಆಮೇಲೆ ಹೂವು, ಕೈಮುಗಿಯುವ ಕೈ, ಹೆಬ್ಬೆರಳುಗಳ ಸುರಿಮಳೆ. ತಾತನಿಂದ ಮಾತ್ರ ಏನೂ ಇಲ್ಲ. ಮೇಷ್ಟ್ರು ಉಗುರು ಕಚ್ಚುತ್ತಾ ಕಾದರು. ಕೊನೆಗೆ ತಾತನಿಂದ ಕರೆಯೇ ಬಂತು.

"ಎಣಿಸಿದೆ. ಇಪ್ಪತ್ತನಾಲ್ಕಿದೆ," ಎಂದರು ತಾತ. "ಆದ್ರೆ ಇಪ್ಪತ್ತನಾಲ್ಕೂ ನಮ್ಮವೇ ಅಂತ ಏನು ಗ್ಯಾರಂಟಿ? ಹಾಜರಿ ಪುಸ್ತಕ ಮುಂದಿಟ್ಕೊಂಡಿದ್ದೀನಿ. ಎಡಗಡೆಯಿಂದ ಒಬ್ಬೊಬ್ಬರದ್ದೇ ಹೇಳ್ತಾ ಬನ್ನಿ, ಟಿಕ್ ಹಾಕ್ತೀನಿ."

ಅಷ್ಟರಲ್ಲಿ ವಿಮಾನ ಹತ್ತಲು ಕರೆ ಬಂತು. ವಿಜ್ಞಾನದ ಟೀಚರು ಮಕ್ಕಳ ಪಾಸುಗಳ ಕಟ್ಟು ಹಿಡಿದು, ಕಂಬದ ಬಳಿ ಬಂದು ಕೈಸನ್ನೆ ಮಾಡಿದರು. ಮೇಷ್ಟ್ರು ಮೊಬೈಲಿನ ಮೇಲೆ ಕೈ ಮುಚ್ಚಿ ಪಿಸುಗುಟ್ಟಿದರು: "ಕಮಿಟಿಯವರು ಲೈನಲ್ಲಿದ್ದಾರೆ ಟೀಚರ್! ನೀವು ನಡೀರಿ. ಎಣಿಸಿ ಹತ್ತಿಸಿ. ಇಪ್ಪತ್ತನಾಲ್ಕು, ಮರೀಬೇಡಿ. ಎಲ್ಲರೂ ಕೂತ ಮೇಲೆ ಗುಂಪಿಗೆ ಒಂದು ಫೋಟೋ ಹಾಕಿಬಿಡಿ, ನಿಮ್ಮ ಕಾಲಿಗೆ ಬೀಳ್ತೀನಿ. ನಾನು ಎರಡು ನಿಮಿಷದಲ್ಲಿ ಬಂದೆ."

ಟೀಚರು ಮಾತ್ರೆ ಆಗಲೇ ನುಂಗಿದ್ದರು. ಆಕಳಿಸುತ್ತಾ ತಲೆಯಾಡಿಸಿ ಹೋದರು. ಬಾಗಿಲಲ್ಲಿ ಒಂದೊಂದೇ ತಲೆ ಮುಟ್ಟಿ ಎಣಿಸಿ ಒಳಗೆ ಬಿಟ್ಟರು. ಇಪ್ಪತ್ತನಾಲ್ಕು ಸರಿಯಾಯಿತು. ಲೆಕ್ಕ ಮುಗಿಯಿತೆಂದು ತಾವೂ ಒಳಗೆ ನಡೆದರು.

ಇತ್ತ ಕಂಬದ ಹಿಂದೆ ಹಾಜರಿ ಮುಂದುವರಿದಿತ್ತು. ಎಂಟನೆಯ ಮಗುವಿನ ಹೊತ್ತಿಗೆ ತಾತನ ಪೆನ್ನು ಬರೆಯುವುದನ್ನು ನಿಲ್ಲಿಸಿತು. ಬೇರೆ ಪೆನ್ನು ಹುಡುಕಿ ಬಂದರು. ಹದಿನಾಲ್ಕನೆಯದಕ್ಕೆ ಸೊಸೆ ಕಾಫಿ ತಂದಳು. ಹತ್ತೊಂಬತ್ತನೆಯದಕ್ಕೆ, ತಾವು ಕೆಲಸದಲ್ಲಿದ್ದಾಗ ಒಂದು ಜಾತ್ರೆಯಲ್ಲಿ ಕಳೆದುಹೋದ ಮಗುವನ್ನು ಬರೀ ಚಪ್ಪಲಿಯ ಗುರುತಿನಿಂದ ಹೇಗೆ ಪತ್ತೆ ಮಾಡಿದೆ ಎಂಬ ಕತೆ ತೆಗೆದರು. ಮೇಷ್ಟ್ರು ಒಂಟಿ ಕಾಲಲ್ಲಿ ನಿಂತು, "ಹೌದಾ ಸಾರ್... ಅಬ್ಬಾ ಸಾರ್... ಚಪ್ಪಲಿಯಿಂದಲೇನಾ ಸಾರ್!" ಎಂದು ಹೂಂಗುಟ್ಟುತ್ತಿದ್ದರು. ಮಧ್ಯದಲ್ಲಿ ಕತ್ತರಿಸಿ ಹೋಗುವ ಧೈರ್ಯ ಯಾರಿಗಿದೆ? ಆರು ವರ್ಷದ ಚಿಲಕ ಆ ಕಡೆ ಕೂತು ಮಾತಾಡುತ್ತಿತ್ತು.

ಮೇಲಿನ ಸ್ಪೀಕರಿನಲ್ಲಿ ಹೆಣ್ಣುದನಿಯೊಂದು ಮೂರನೆಯ ಸಲ ಏನೋ ಹೇಳಿತು. ಒಬ್ಬ ಪ್ರಯಾಣಿಕ ಇನ್ನೂ ಹತ್ತಿಲ್ಲ, ಕೂಡಲೇ ಬರಬೇಕು ಎಂಬಷ್ಟು ಇಂಗ್ಲಿಷು ಮೇಷ್ಟ್ರಿಗೆ ತಿಳಿಯಿತು.

"ಏನದು ಗಲಾಟೆ?" ಎಂದರು ತಾತ.

"ಯಾರೋ ಪುಣ್ಯಾತ್ಮ ಇನ್ನೂ ವಿಮಾನ ಹತ್ತಿಲ್ವಂತೆ ಸಾರ್. ಕೆಲವರಿಗೆ ಜವಾಬ್ದಾರೀನೇ ಇರಲ್ಲ."

"ನೋಡಿ, ಅಂಥವರನ್ನ ಕೆಲಸಕ್ಕೆ ಇಟ್ಕೊಂಡ ಕಡೆಯೆಲ್ಲ ಹೀಗೇ," ಎಂದರು ತಾತ. ಇಬ್ಬರೂ ಒಂದು ನಿಮಿಷ ಆ ಬೇಜವಾಬ್ದಾರಿ ಮನುಷ್ಯನಿಗೆ ಛೀಮಾರಿ ಹಾಕಿದರು. ಕೊನೆಗೆ ತಾತ, "ಇಪ್ಪತ್ತನಾಲ್ಕನೇದು ನಮ್ಮ ಹುಡುಗ. ಟಿಕ್. ಆಯ್ತು ಮೇಷ್ಟ್ರೇ, ನನಗೆ ತೃಪ್ತಿ ಆಯ್ತು. ಸೋಮವಾರ ನಿಮ್ಮ ಆರ್ಡರಿಗೆ ಮೊದಲನೇ ಸಹಿ ನಂದೇ," ಎಂದರು.

ಮೇಷ್ಟ್ರ ಕಣ್ಣಲ್ಲಿ ಝರಝರ ನೀರಿಳಿಯಿತು. ಎರಡು ಕೋಣೆ, ಅಡುಗೆಮನೆ, ಚಿಲಕ! ಮಾವ ಈ ಸಂಜೆ ಕೇಳಲಿ, ನಾಳೆ ಸಂಜೆ ಕೇಳಲಿ, ಸೋಮವಾರ ಸಂಜೆ ಕೇಳಲಿ ನೋಡೋಣ! ಕಣ್ಣೊರೆಸಿಕೊಂಡು, ಎದೆಯುಬ್ಬಿಸಿಕೊಂಡು ಕಂಬದ ಹಿಂದಿನಿಂದ ಹೊರಬಂದರು.

ಕುರ್ಚಿಗಳೆಲ್ಲ ಖಾಲಿ. ನೆಲದ ಮೇಲೆ ಒಂದು ಚಾಕೊಲೇಟು ಸಿಪ್ಪೆ. ಬಾಗಿಲು ಮುಚ್ಚಿತ್ತು. ಅದರ ಮುಂದೆ ಸಮವಸ್ತ್ರದ ಹುಡುಗಿಯೊಬ್ಬಳು ಕಾಗದ ಜೋಡಿಸಿಕೊಳ್ಳುತ್ತಿದ್ದಳು. ಪಕ್ಕದಲ್ಲಿ, ವಿಮಾನದಿಂದ ವಾಪಸು ಇಳಿಸಿದ ಮೇಷ್ಟ್ರ ಪೆಟ್ಟಿಗೆಯ ಚೀಟಿ ಹಿಡಿದು ಇನ್ನೊಬ್ಬ ನಿಂತಿದ್ದ.

ಗಾಬರಿಗೆ ಮೇಷ್ಟ್ರಿಗೆ ಇದ್ದ ಚೂರುಪಾರು ಇಂಗ್ಲಿಷೂ ಮರೆತುಹೋಯಿತು. ನೋಟ್‌ಬುಕ್ಕು ತೆಗೆದು ಒಂದು ವಿಮಾನ, ಅದರ ಬಾಗಿಲು, ಬಾಗಿಲಿನ ಕಡೆ ಓಡುವ ಒಬ್ಬ ಮನುಷ್ಯನನ್ನು ಬಿಡಿಸಿ ತೋರಿಸಿದರು. ಹುಡುಗಿ ಕನಿಕರದಿಂದ ಪೆನ್ಸಿಲು ಇಸಿದುಕೊಂಡು, ವಿಮಾನದ ಬಾಲದ ಹಿಂದೆ ಸೊಂಯ್ ಎಂದು ಎರಡು ಗೆರೆ ಎಳೆದಳು. ಗಾಜಿನಾಚೆ ನಿಜವಾದ ವಿಮಾನ ನಿಧಾನವಾಗಿ ಹಿಂದಕ್ಕೆ ಸರಿಯುತ್ತಿತ್ತು. ಮುಂದಿನ ವಿಮಾನ ಯಾವಾಗ ಎಂದು ಸನ್ನೆಯಲ್ಲಿ ಕೇಳಿದ್ದಕ್ಕೆ ಮೂರು ಬೆರಳು ಎತ್ತಿದಳು. ಮೂರು ಗಂಟೆ ಅಲ್ಲ, ಮೂರು ದಿನ. ಮಂಗಳವಾರ.

ಗುಂಯ್.

ವಿಜ್ಞಾನದ ಟೀಚರು ಕೊಟ್ಟ ಮಾತು ಉಳಿಸಿಕೊಂಡಿದ್ದರು. ವಿಮಾನದೊಳಗೆ ಬೆಲ್ಟು ಕಟ್ಟಿಕೊಂಡು ಕೂತ ಇಪ್ಪತ್ತನಾಲ್ಕು ನಗುಮುಖಗಳ ಫೋಟೋ ಗುಂಪಿನಲ್ಲಿ ಬಂದು ಬಿದ್ದಿತ್ತು. ಪಾದರಸನ ಪಕ್ಕದ ಖಾಲಿ ಸೀಟಿನ ಮೇಲೆ ಟೀಚರು ತಮ್ಮ ಕೈಚೀಲ ಇಟ್ಟುಕೊಂಡಿದ್ದರು.

"ಎಲ್ಲರೂ ಇದ್ದಾರೆ!" ಎಂದು ಒಬ್ಬರು ಬರೆದರು. "ಒಬ್ಬರೂ ತಪ್ಪಿಲ್ಲ!" "ಇದಪ್ಪಾ ಫೋಟೋ ಅಂದ್ರೆ!" ಇಪ್ಪತ್ತನಾಲ್ಕು ಮನೆಯವರೂ ಎಣಿಸಿದರು, ಇಪ್ಪತ್ತನಾಲ್ಕು ಮನೆಯವರಿಗೂ ಲೆಕ್ಕ ಸರಿಬಂತು. ದೊಡ್ಡ ಮೇಡಮ್ಮು ಬರೆದರು: "ಮೇಷ್ಟ್ರಿಗೆ ಅಭಿನಂದನೆ. ಒಂದೂ ದೂರು ಇಲ್ಲ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಕಮಿಟಿಯ ಮುಂದೆ ಖುದ್ದಾಗಿ ಹಾಜರಿರಬೇಕು."

ಮೇಷ್ಟ್ರು ಖಾಲಿ ಕುರ್ಚಿಯೊಂದರಲ್ಲಿ ಕುಸಿದು ಕೂತರು. ಒಂದೊಂದೇ ಅಕ್ಷರ ಒತ್ತಿದರು: "ನಾನು ವಿಮಾನ ಹತ್ತಲಿಲ್ಲ. ಕಂಬದ ಮರೆಯಲ್ಲಿ ಫೋನಿನಲ್ಲಿದ್ದೆ, ಇಲ್ಲೇ ಉಳಿದುಬಿಟ್ಟೆ."

ಮೊದಲು ಎರಡು ಜಡೆಯವಳ ತಾಯಿ ಬರೆದರು: "ಅಯ್ಯೋ ಪಾಪ ಮೇಷ್ಟ್ರೇ. ಈ ಫೋಟೋದಲ್ಲಿ ಮಗಳ ಮೈಮೇಲೆ ನೀಲಿ ಸ್ವೆಟರು ಕಾಣ್ತಿಲ್ಲ. ಹೋಟೆಲಲ್ಲೇ ಬಿಟ್ಟಿರಬೇಕು. ಹೇಗೂ ಅಲ್ಲೇ ಇದ್ದೀರಲ್ಲ, ಒಂದು ಹೆಜ್ಜೆ ಹೋಗಿ ನೋಡಿ ಬರ್ತೀರಾ?"

ಅದರ ಬೆನ್ನಿಗೇ ತಾತನದು ಬಂತು. ಈ ಸಲ ತಲೆಬರಹ, ತಾರೀಕು ಎಲ್ಲ ಹಾಕಿ, ಬರವಣಿಗೆಯಲ್ಲಿ.

"ಮಾನ್ಯ ಮುಖ್ಯೋಪಾಧ್ಯಾಯರಿಗೆ. ವಿಷಯ: ದೂರು. ಡ್ರಾಯಿಂಗ್ ಮೇಷ್ಟ್ರು ವಿಮಾನ ಹೊರಡುವ ಹೊತ್ತಿನಲ್ಲಿ ಇಪ್ಪತ್ತನಾಲ್ಕು ಮಕ್ಕಳನ್ನು ಬಿಟ್ಟು, ಕಂಬದ ಮರೆಯಲ್ಲಿ ಮುಕ್ಕಾಲು ಗಂಟೆ ಫೋನಿನಲ್ಲಿ ಹರಟೆ ಹೊಡೆಯುತ್ತಿದ್ದರು. ಇದಕ್ಕೆ ನಾನೇ ಸಾಕ್ಷಿ."

ಕೆಳಗೆ ಹೆಬ್ಬೆರಳುಗಳು ಏಳತೊಡಗಿದವು. ಮೇಷ್ಟ್ರು ಎಣಿಸಿದರು. ಇಪ್ಪತ್ತನಾಲ್ಕಿತ್ತು.